ಬಿಲ್ಲಿನಲ್ಲಿ ಕಾಣದ ದ್ರವ: ಲಿಥಿಯಂ ಬ್ಯಾಟರಿಯ ಬಾಳಿಕೆ ಮತ್ತು ನಮ್ಮ ವಾರಂಟಿಯ ಹೊಣೆ

— ಚಾರ್ಟರ್ಡ್ ಅಕೌಂಟೆಂಟ್, ಗಬ್ಬೂರ, ಹುಬ್ಬಳ್ಳಿ

ಹುಬ್ಬಳ್ಳಿ-ಧಾರವಾಡ ಅವಳಿ ನಗರಕ್ಕೆ ಬ್ಯಾಟರಿ ವ್ಯಾಪಾರ ಹೊಸದೇನಲ್ಲ. ಲಾರಿ, ಟ್ರ್ಯಾಕ್ಟರ್ ಮತ್ತು ಇನ್ವರ್ಟರ್‌ಗಳ ಸೀಸ-ಆಮ್ಲ ಬ್ಯಾಟರಿಯನ್ನು ಮಾರಿ, ದುರಸ್ತಿ ಮಾಡಿ, ಹಳೆಯದನ್ನು ತೂಕಕ್ಕೆ ಕೊಂಡು ಬದುಕು ಕಟ್ಟಿಕೊಂಡ ಕುಟುಂಬಗಳು ಇಲ್ಲಿ ಬಹಳ ಇವೆ. ಈಚಿನ ವರ್ಷಗಳಲ್ಲಿ ಇದೇ ವರ್ತಕರು ಲಿಥಿಯಂ ಬ್ಯಾಟರಿಯತ್ತ ಹೊರಳುತ್ತಿದ್ದಾರೆ. ಕೆಲವರು ಸಿದ್ಧ ಪ್ಯಾಕ್‌ಗಳನ್ನು ತರಿಸಿ ಮಾರುತ್ತಾರೆ. ಇನ್ನು ಕೆಲವರು ಆಮದಾದ ಸೆಲ್‌ಗಳನ್ನು ಕೊಂಡು, ಚಿಕ್ಕ ಶೆಡ್ಡಿನಲ್ಲಿ ಜೋಡಿಸಿ, ತಮ್ಮದೇ ಹೆಸರಿನ ಪ್ಯಾಕ್ ಮಾಡಿ, ಮೂರು ಅಥವಾ ಐದು ವರ್ಷಗಳ ವಾರಂಟಿ ಬರೆದುಕೊಡುತ್ತಾರೆ.

ಈ ವಾರಂಟಿ ಕಾಗದವೇ ಪ್ರಸ್ತುತ ಲೇಖನಕ್ಕೆ ಕಾರಣ. ಐದು ವರ್ಷಗಳ ಭರವಸೆ ಕೊಡುವ ವರ್ತಕನು ಆ ಭರವಸೆ ಯಾವುದರ ಮೇಲೆ ನಿಂತಿದೆ ಎಂಬುದನ್ನು ತಿಳಿದಿರಬೇಕು. ಸೆಲ್ಲಿನ ಬೆಲೆ, ಆಂಪಿಯರ್-ಅವರ್, ತೂಕ ಇವೆಲ್ಲವೂ ಬಿಲ್ಲಿನಲ್ಲಿಯೋ ಲೇಬಲ್ಲಿನಲ್ಲಿಯೋ ಕಾಣಿಸುತ್ತವೆ. ಬಾಳಿಕೆಯನ್ನು ಬಹುಮಟ್ಟಿಗೆ ನಿರ್ಧರಿಸುವ ಎಲೆಕ್ಟ್ರೋಲೈಟ್ ಎಂಬ ದ್ರವದ ಹೆಸರು ಮಾತ್ರ ಎಲ್ಲಿಯೂ ಕಾಣಿಸುವುದಿಲ್ಲ. ಪಠ್ಯಪುಸ್ತಕಗಳು ಇದನ್ನು ವಿದ್ಯುದ್ವಿಚ್ಛೇದ್ಯ ಎನ್ನುತ್ತವೆ. ಇದು ರಸಾಯನ ತಜ್ಞರ ವಿಷಯವೆಂದು ನಾವು ಬದಿಗಿಡುವುದು ಸರಿಯಲ್ಲ; ಇದು ನಮ್ಮ ಬಂಡವಾಳದ ವಿಷಯವೂ ಹೌದು ಎಂಬುದು ನನ್ನ ಅಭಿಪ್ರಾಯ.

ಹಳೆಯ ಬ್ಯಾಟರಿಗೂ ಹೊಸದಕ್ಕೂ ಇರುವ ಅಂತರ

ಸೀಸ-ಆಮ್ಲ ಬ್ಯಾಟರಿಯಲ್ಲಿ ಗಂಧಕಾಮ್ಲದ ದ್ರಾವಣವು ಸ್ವತಃ ಕ್ರಿಯೆಯಲ್ಲಿ ಪಾಲ್ಗೊಳ್ಳುತ್ತದೆ. ಬ್ಯಾಟರಿ ಖಾಲಿಯಾದಂತೆ ಆಮ್ಲ ತೆಳುವಾಗುತ್ತದೆ, ಚಾರ್ಜ್ ಆದಂತೆ ಗಟ್ಟಿಯಾಗುತ್ತದೆ. ಆದುದರಿಂದಲೇ ನಮ್ಮ ಮೆಕ್ಯಾನಿಕ್ ಹೈಡ್ರೋಮೀಟರ್ ಅದ್ದಿ, ಗ್ರ್ಯಾವಿಟಿ ನೋಡಿ, ಬ್ಯಾಟರಿಯ ಸ್ಥಿತಿಯನ್ನು ಕ್ಷಣದಲ್ಲಿ ಹೇಳಬಲ್ಲನು. ನೀರು ಕಡಿಮೆಯಾದರೆ ಡಿಸ್ಟಿಲ್ಡ್ ವಾಟರ್ ಹಾಕಿದರಾಯಿತು.

ಲಿಥಿಯಂ ಸೆಲ್ಲಿನಲ್ಲಿ ಈ ಅನುಕೂಲವಿಲ್ಲ. ಅದು ಮುಚ್ಚಿದ ಡಬ್ಬಿ. ಒಳಗಿನ ದ್ರವವು ಲಿಥಿಯಂ ಅಯಾನುಗಳನ್ನು ಧನಾಗ್ರದಿಂದ ಋಣಾಗ್ರಕ್ಕೆ, ಅಲ್ಲಿಂದ ಹಿಂದಕ್ಕೆ ಸಾಗಿಸುವ ದಾರಿ ಮಾತ್ರ. ತತ್ತ್ವತಃ ಅದು ಖರ್ಚಾಗಬಾರದು. ವಾಸ್ತವವಾಗಿ ದಿನದಿನವೂ ಸ್ವಲ್ಪ ಸ್ವಲ್ಪ ಖರ್ಚಾಗುತ್ತದೆ. ಅದನ್ನು ಅಳೆಯಲು ಹೈಡ್ರೋಮೀಟರ್ ಇಲ್ಲ, ಮೇಲಿಂದ ತುಂಬಲು ಬಿರಡೆಯೂ ಇಲ್ಲ.

ನೀರಿನ ವಿಷಯದಲ್ಲಂತೂ ಎರಡೂ ಪರಸ್ಪರ ವಿರುದ್ಧ. ಇಂದು ಬಹುತೇಕ ಲಿಥಿಯಂ ಸೆಲ್‌ಗಳಲ್ಲಿ ಬಳಸುವ ಲವಣ ಲಿಥಿಯಂ ಹೆಕ್ಸಾಫ್ಲೋರೋಫಾಸ್ಫೇಟ್. ಇದನ್ನು ಎಥಿಲೀನ್ ಕಾರ್ಬೊನೇಟ್, ಡೈಮಿಥೈಲ್ ಕಾರ್ಬೊನೇಟ್ ಮೊದಲಾದ ಸಾವಯವ ದ್ರಾವಕಗಳ ಮಿಶ್ರಣದಲ್ಲಿ ಕರಗಿಸಿರುತ್ತಾರೆ. ಈ ಲವಣಕ್ಕೆ ತೇವ ತಗುಲಿದರೆ ಹೈಡ್ರೋಜನ್ ಫ್ಲೋರೈಡ್ ಹುಟ್ಟುತ್ತದೆ. ಅದು ಧನಾಗ್ರದ ಲೋಹವನ್ನು ಕರಗಿಸುತ್ತದೆ, ಋಣಾಗ್ರದ ರಕ್ಷಣಾ ಪೊರೆಯನ್ನು ಕೆಡಿಸುತ್ತದೆ. ಆದಕಾರಣ ಎಲೆಕ್ಟ್ರೋಲೈಟ್‌ನಲ್ಲಿ ನೀರಿನ ಅಂಶ ಹತ್ತು ಲಕ್ಷ ಭಾಗಗಳಲ್ಲಿ ಸುಮಾರು 20 ಭಾಗಗಳನ್ನು ಮೀರಬಾರದೆಂದು ತಯಾರಕರು ನಿಯಮವಿಟ್ಟುಕೊಂಡಿರುತ್ತಾರೆ. ಸೆಲ್ಲಿಗೆ ದ್ರವ ತುಂಬುವ ಕೊಠಡಿಯ ಗಾಳಿಯು ಮರುಭೂಮಿಯ ಗಾಳಿಗಿಂತಲೂ ಒಣಗಿರಬೇಕು. ಸೆಲ್ ಕಾರ್ಖಾನೆಯ ಖರ್ಚಿನಲ್ಲಿ ಗಾಳಿಯನ್ನು ಒಣಗಿಸುವ ವಿದ್ಯುತ್ತಿಗೇ ದೊಡ್ಡ ಪಾಲು ಹೋಗುವುದು ಇದೇ ಕಾರಣಕ್ಕೆ. ಖರ್ಚು ಉಳಿಸಲು ಇಲ್ಲಿ ಸಡಿಲ ಬಿಟ್ಟ ಸೆಲ್ಲು ಹೊರನೋಟಕ್ಕೆ ಉಳಿದ ಸೆಲ್ಲಿನಂತೆಯೇ ಇರುತ್ತದೆ. ಮೊದಲ ದಿನದ ಪರೀಕ್ಷೆಯಲ್ಲಿಯೂ ಅದು ಪಾಸಾಗಬಹುದು. ವ್ಯತ್ಯಾಸ ತಿಳಿಯುವುದು ಎರಡನೆಯ ಬೇಸಿಗೆಯಲ್ಲಿ.

ಪೊರೆ ಎಂಬ ಪ್ರಾರಂಭಿಕ ವೆಚ್ಚ

ಲಿಥಿಯಂ-ಅಯಾನ್ ಬ್ಯಾಟರಿಯನ್ನು ಜಪಾನಿನ ಸೋನಿ ಸಂಸ್ಥೆ 1991ರಲ್ಲಿ ಮಾರುಕಟ್ಟೆಗೆ ತಂದಿತು. ಇದಕ್ಕೆ ಆಧಾರವಾದ ಸಂಶೋಧನೆಗಾಗಿ ಜಾನ್ ಗುಡ್‌ಇನಫ್, ಸ್ಟ್ಯಾನ್ಲಿ ವಿಟಿಂಗ್‌ಹ್ಯಾಮ್ ಮತ್ತು ಅಕಿರಾ ಯೋಶಿನೊ ಅವರಿಗೆ 2019ರ ರಸಾಯನಶಾಸ್ತ್ರ ನೊಬೆಲ್ ಪ್ರಶಸ್ತಿ ದೊರೆಯಿತು. ಆರಂಭದ ದಿನಗಳಲ್ಲಿ ಸಂಶೋಧಕರನ್ನು ಕಾಡಿದ ತೊಡಕು ಎಲೆಕ್ಟ್ರೋಲೈಟ್‌ನದೇ ಆಗಿತ್ತು. ಅಗ್ಗವೂ ಉತ್ತಮವೂ ಆದ ಗ್ರಾಫೈಟನ್ನು ಋಣಾಗ್ರವಾಗಿ ಬಳಸಬೇಕೆಂದರೆ, ಆಗ ಪ್ರಚಲಿತವಿದ್ದ ಪ್ರೊಪಿಲೀನ್ ಕಾರ್ಬೊನೇಟ್ ಎಂಬ ದ್ರಾವಕವು ಗ್ರಾಫೈಟಿನ ಪದರಗಳನ್ನು ಈರುಳ್ಳಿಯ ಸಿಪ್ಪೆಯಂತೆ ಸುಲಿದು ಹಾಕುತ್ತಿತ್ತು. ಅದರ ಸಮೀಪ ಬಂಧುವಾದ ಎಥಿಲೀನ್ ಕಾರ್ಬೊನೇಟ್ ಹಾಗೆ ಮಾಡುವುದಿಲ್ಲ. ಎರಡು ಅಣುಗಳ ನಡುವಿನ ಅಂತರ ಒಂದು ಇಂಗಾಲ ಮತ್ತು ಎರಡು ಜಲಜನಕ ಪರಮಾಣುಗಳಷ್ಟೆ, ಪರಿಣಾಮದಲ್ಲಿ ಅಜಗಜಾಂತರ.

ಕಾರಣವಿಷ್ಟೆ. ಮೊದಲ ಸಲ ಚಾರ್ಜ್ ಮಾಡುವಾಗ ಎಥಿಲೀನ್ ಕಾರ್ಬೊನೇಟ್ ಸ್ವಲ್ಪ ಪ್ರಮಾಣದಲ್ಲಿ ಒಡೆದು, ಗ್ರಾಫೈಟಿನ ಮೇಲೆ ಅತಿ ತೆಳುವಾದ ಪೊರೆಯನ್ನು ಕಟ್ಟುತ್ತದೆ. ಈ ಪೊರೆಯು ಲಿಥಿಯಂ ಅಯಾನುಗಳನ್ನು ಒಳಬಿಡುತ್ತದೆ, ದ್ರಾವಕವನ್ನು ಹೊರಗೇ ತಡೆಯುತ್ತದೆ. ಪೊರೆ ಕಟ್ಟಲು ಸೆಲ್ಲಿನ ಲಿಥಿಯಂನಲ್ಲಿ ಶೇಕಡಾ ಹತ್ತರ ಆಸುಪಾಸಿನವರೆಗೂ ವ್ಯಯವಾಗಬಹುದು. ವ್ಯವಹಾರದ ಭಾಷೆಯಲ್ಲಿ ಇದು ಪ್ರಾರಂಭಿಕ ವೆಚ್ಚ. ಒಮ್ಮೆ ಸರಿಯಾಗಿ ಖರ್ಚು ಮಾಡಿದರೆ ಮುಂದೆ ಅಂಗಡಿ ಸುಗಮವಾಗಿ ನಡೆಯುತ್ತದೆ. ಸರಿಯಾಗಿ ಮಾಡದಿದ್ದರೆ ಪೊರೆ ಬಿರುಕುಬಿಟ್ಟು, ಪ್ರತಿ ಚಾರ್ಜಿನಲ್ಲಿಯೂ ಹೊಸದಾಗಿ ಕಟ್ಟಬೇಕಾಗಿ, ಲಿಥಿಯಂ ಸೋರುತ್ತಲೇ ಇರುತ್ತದೆ.

ಪೊರೆಯನ್ನು ಗಟ್ಟಿಗೊಳಿಸಲು ತಯಾರಕರು ವಿನಿಲೀನ್ ಕಾರ್ಬೊನೇಟ್, ಫ್ಲೋರೋಎಥಿಲೀನ್ ಕಾರ್ಬೊನೇಟ್ ಮುಂತಾದ ಪೂರಕಗಳನ್ನು ಕೆಲವೇ ಶೇಕಡಾ ಪ್ರಮಾಣದಲ್ಲಿ ಬೆರೆಸುತ್ತಾರೆ. ಅಡುಗೆಯ ಒಗ್ಗರಣೆಯಂತೆ ಇದರ ಪ್ರಮಾಣ ಅಲ್ಪ, ಪರಿಣಾಮ ಬಹಳ. ಯಾವ ಪೂರಕ, ಎಷ್ಟು ಪ್ರಮಾಣ ಎಂಬುದು ಪ್ರತಿ ಕಂಪನಿಯ ವ್ಯಾಪಾರ ರಹಸ್ಯ. "ಎರಡೂ ಲಿಥಿಯಂ ಐರನ್ ಫಾಸ್ಫೇಟ್ ಸೆಲ್ಲೇ ಅಲ್ಲವೆ, ಹಾಗಿದ್ದರೆ ಒಂದರ ಬೆಲೆ ಹೆಚ್ಚೇಕೆ" ಎಂದು ಕೇಳುವ ಗ್ರಾಹಕನಿಗೆ ಉತ್ತರದ ಒಂದು ಭಾಗ ಇಲ್ಲಿದೆ. ಹೆಸರು ಧನಾಗ್ರದ್ದು, ಬಾಳಿಕೆಯಲ್ಲಿ ದ್ರವದ ಪಾಲು ದೊಡ್ಡದು.

ಐರನ್ ಫಾಸ್ಫೇಟ್ ಎಂದೊಡನೆ ಬೆಂಕಿಯ ಭಯವೇ ಇಲ್ಲವೆಂಬ ಮಾತು ಪೇಟೆಯಲ್ಲಿ ಕೇಳಿಬರುತ್ತಿದೆ. ಅದರ ಧನಾಗ್ರವು ಶಾಖವನ್ನು ಹೆಚ್ಚು ತಾಳುತ್ತದೆ ಎಂಬುದು ನಿಜ. ಆದರೆ ಒಳಗಿರುವ ದ್ರಾವಕ ಅದೇ ಕುಟುಂಬದ್ದು, ಹೊತ್ತಿಕೊಳ್ಳುವಂಥದು. ಡೈಮಿಥೈಲ್ ಕಾರ್ಬೊನೇಟ್‌ನ ಆವಿಯು ಸುಮಾರು 17 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿಯೇ ಕಿಡಿ ತಗುಲಿದರೆ ಹೊತ್ತಬಲ್ಲದು. ಗೋದಾಮಿನಲ್ಲಿ ಸರಕು ಪೇರಿಸುವವರು ಇದನ್ನು ನೆನಪಿನಲ್ಲಿಡಬೇಕು.

ಚಕ್ರಬಡ್ಡಿಯ ಲೆಕ್ಕ

ಲೆಕ್ಕಿಗನ ಕಣ್ಣಿಗೆ ಈ ವಿಷಯದಲ್ಲಿ ಮುಖ್ಯವಾದುದು ಒಂದು ಅನುಪಾತ. ಚಾರ್ಜ್ ಮಾಡುವಾಗ ಒಳಹೋದ ವಿದ್ಯುದಂಶದಲ್ಲಿ ಎಷ್ಟು ಭಾಗ ಹಿಂದಿರುಗಿ ಬಂದಿತು ಎಂಬುದೇ ಆ ಅನುಪಾತ. ಕೆನಡಾದ ಡಲ್‌ಹೌಸಿ ವಿಶ್ವವಿದ್ಯಾಲಯದ ಜೆಫ್ ಡಾನ್ ಮತ್ತು ಅವರ ಸಂಗಡಿಗರು ಈ ಅನುಪಾತವನ್ನು ಅತಿ ಸೂಕ್ಷ್ಮವಾಗಿ ಅಳೆದು, ಎಲೆಕ್ಟ್ರೋಲೈಟ್ ಪೂರಕಗಳ ಗುಣವನ್ನು ಕೆಲವೇ ವಾರಗಳ ಪರೀಕ್ಷೆಯಿಂದ ಹೋಲಿಸುವ ಪದ್ಧತಿಯನ್ನು ಬೆಳೆಸಿದರು.

ಸ್ಥೂಲವಾಗಿ ಲೆಕ್ಕ ಹಾಕೋಣ. ಪ್ರತಿ ಆವರ್ತದ ನಂತರ ಸಾಮರ್ಥ್ಯದ ಶೇ. 99.98 ಉಳಿಯುವುದಾದರೆ 1,000 ಆವರ್ತಗಳ ನಂತರ ಸುಮಾರು ಶೇ. 82 ಉಳಿಯುತ್ತದೆ. ಶೇ. 99.95 ಆದರೆ ಉಳಿಯುವುದು ಸುಮಾರು ಶೇ. 61. ಶೇ. 99.9 ಆದರೆ ಶೇ. 37 ಮಾತ್ರ. ನಿಜವಾದ ಸೆಲ್ಲು ಇಷ್ಟು ನೇರವಾದ ಸೂತ್ರಕ್ಕೆ ಒಳಪಡುವುದಿಲ್ಲವಾದರೂ ತಾತ್ಪರ್ಯ ಸ್ಪಷ್ಟ. ಮೊದಲ ತಿಂಗಳಲ್ಲಿ ಮೂರೂ ಸೆಲ್‌ಗಳು ಗ್ರಾಹಕನಿಗೆ ಒಂದೇ ರೀತಿ ಕಾಣುತ್ತವೆ. ಮೂರನೆಯ ವರ್ಷದಲ್ಲಿ ಒಂದು ಓಡುತ್ತಿರುತ್ತದೆ, ಒಂದು ಕುಂಟುತ್ತಿರುತ್ತದೆ, ಇನ್ನೊಂದು ನಿಮ್ಮ ಅಂಗಡಿಗೆ ಹಿಂದಿರುಗಿರುತ್ತದೆ. ಹನಿಗೂಡಿ ಹಳ್ಳ ತುಂಬುವ ಮಾತು ನಮಗೆ ಗೊತ್ತು. ಹನಿ ಸೋರಿ ಕೆರೆ ಬರಿದಾಗುವುದೂ ಅಷ್ಟೇ ನಿಜ.

ಇದಕ್ಕೆ ಶಾಖವನ್ನು ಸೇರಿಸಿ. ಉಷ್ಣತೆ ಹತ್ತು ಡಿಗ್ರಿ ಏರಿದರೆ ಇಂಥ ಅಡ್ಡಕ್ರಿಯೆಗಳ ವೇಗ ಸುಮಾರು ಇಮ್ಮಡಿಯಾಗುತ್ತದೆ ಎಂಬುದು ರಸಾಯನಶಾಸ್ತ್ರದ ಸ್ಥೂಲ ನಿಯಮ. ಕ್ಯಾಟಲಾಗಿನಲ್ಲಿ ಮುದ್ರಿತವಾದ ಆವರ್ತಗಳ ಸಂಖ್ಯೆ ಸಾಮಾನ್ಯವಾಗಿ 25 ಡಿಗ್ರಿಯದು. ನಮ್ಮ ಬೇಸಿಗೆಯಲ್ಲಿ, ತಗಡಿನ ಚಾವಣಿಯ ಗೋದಾಮಿನಲ್ಲಿ ಅಥವಾ ಬಿಸಿಲಿಗೆ ನಿಲ್ಲಿಸಿದ ಗಾಡಿಯ ಸೀಟಿನ ಕೆಳಗೆ, 45 ಡಿಗ್ರಿ ಅಪರೂಪವಲ್ಲ. ನಮ್ಮಿಂದ ಪ್ಯಾಕ್ ಕೊಂಡು ರಾಯಚೂರು, ಕಲಬುರಗಿಗಳಲ್ಲಿ ಮಾರುವವರ ಪಾಡು ಇನ್ನೂ ಕಠಿಣ. ಬಳಸದೆ ಇಟ್ಟ ಸೆಲ್ಲೂ ಹಳತಾಗುತ್ತದೆ. ಪೂರ್ತಿ ಚಾರ್ಜ್ ಮಾಡಿ ಶಾಖದಲ್ಲಿ ಇಟ್ಟರೆ ಇನ್ನೂ ಬೇಗ ಹಳತಾಗುತ್ತದೆ. ಅರ್ಥಾತ್, ಅಗ್ಗಕ್ಕೆ ಸಿಕ್ಕಿತೆಂದು ಒಂದು ವರ್ಷದ ದಾಸ್ತಾನು ಮಾಡುವವನು ಬಡ್ಡಿಯ ಜೊತೆಗೆ ಬಾಳಿಕೆಯನ್ನೂ ಕಳೆದುಕೊಳ್ಳುತ್ತಾನೆ.

ವಾರಂಟಿಯ ನಿಜವಾದ ಬೆಲೆ

ಒಂದು ಕಾಲ್ಪನಿಕ ಉದಾಹರಣೆ. ಒಬ್ಬ ಚಿಕ್ಕ ಉದ್ಯಮಿ ವರ್ಷಕ್ಕೆ 200 ಪ್ಯಾಕ್‌ಗಳನ್ನು ತಲಾ ರೂ. 60,000ಕ್ಕೆ ಮಾರುತ್ತಾನೆ. ವಹಿವಾಟು ರೂ. 1.20 ಕೋಟಿ; ಶೇ. 10ರಂತೆ ಲಾಭ ರೂ. 12 ಲಕ್ಷ. ಈ ಲಾಭದ ಮೇಲೆ ಆದಾಯ ತೆರಿಗೆ ಕಟ್ಟಿ, ಉಳಿದುದನ್ನು ಮನೆ ಖರ್ಚಿಗೋ ಹೊಸ ಯಂತ್ರಕ್ಕೋ ಹಾಕುತ್ತಾನೆ. ಮೂರನೆಯ ವರ್ಷ, ಆ 200ರಲ್ಲಿ 20 ಪ್ಯಾಕ್‌ಗಳು ವಾರಂಟಿಯಡಿ ಹಿಂದಿರುಗುತ್ತವೆ. ತಲಾ ರೂ. 54,000 ವೆಚ್ಚದಂತೆ ಬದಲಿಸಿಕೊಡಲು ರೂ. 10.80 ಲಕ್ಷ ಬೇಕು. ಸೆಲ್ ಪೂರೈಸಿದವನ ವಾರಂಟಿ ಒಂದೇ ವರ್ಷದ್ದು, ಅದೂ ಮುಗಿದಿದೆ. ಹತ್ತರಲ್ಲಿ ಒಂದು ಪ್ಯಾಕ್ ಕೆಟ್ಟರೆ ಇಡೀ ವರ್ಷದ ದುಡಿಮೆ ಬಹುತೇಕ ಮಾಯವಾಗುತ್ತದೆ.

ಲೆಕ್ಕಪತ್ರಗಳಲ್ಲಿ ಇದಕ್ಕೆ ದಾರಿಯಿದೆ. ಲೆಕ್ಕಪತ್ರ ಮಾನದಂಡ 29ರ ಪ್ರಕಾರ ಮಾರಾಟದ ವರ್ಷವೇ ವಾರಂಟಿ ವೆಚ್ಚವನ್ನು ಅಂದಾಜು ಮಾಡಿ ನಿಬಂಧನೆ ಇಡಬೇಕು. ಅಂಥ ನಿಬಂಧನೆಯು ಹಿಂದಿನ ಅನುಭವದ ಆಧಾರದ ಮೇಲೆ ಶಾಸ್ತ್ರೀಯವಾಗಿ ಲೆಕ್ಕ ಹಾಕಿದ್ದಾಗಿದ್ದರೆ ಆದಾಯ ತೆರಿಗೆಯಲ್ಲಿ ಕಳೆಯಬಹುದೆಂದು ಸರ್ವೋಚ್ಚ ನ್ಯಾಯಾಲಯವು 2009ರಲ್ಲಿ ರೋಟಾರ್ಕ್ ಕಂಟ್ರೋಲ್ಸ್ ಪ್ರಕರಣದಲ್ಲಿ ತೀರ್ಪಿತ್ತಿದೆ. ಆದರೆ ಅನುಭವದ ಆಧಾರವೆಂದರೆ ದಾಖಲೆ. ಯಾವ ಬ್ಯಾಚಿನ ಸೆಲ್ಲು, ಯಾವ ತಿಂಗಳು ಮಾರಿದ್ದು, ಎಷ್ಟನೆಯ ತಿಂಗಳಲ್ಲಿ ಹಿಂದಿರುಗಿತು, ಆಗ ಸಾಮರ್ಥ್ಯ ಎಷ್ಟಿತ್ತು ಎಂಬ ವಹಿ ಇಲ್ಲದಿದ್ದರೆ ಅಂದಾಜಿಗೆ ಬೆಲೆಯಿಲ್ಲ.

"ನಾವು ಬರೀ ಜೋಡಿಸುವವರು, ಸೆಲ್ಲು ನಮ್ಮದಲ್ಲ" ಎಂಬ ವಾದವಿದೆ. ಕಾನೂನು ಇದನ್ನು ಒಪ್ಪುವುದಿಲ್ಲ. ಗ್ರಾಹಕ ಸಂರಕ್ಷಣಾ ಅಧಿನಿಯಮ, 2019ರ ವ್ಯಾಖ್ಯೆಯಲ್ಲಿ ಬೇರೆಯವರು ಮಾಡಿದ ಬಿಡಿಭಾಗಗಳನ್ನು ಜೋಡಿಸುವವನೂ ಉತ್ಪಾದಕನೇ. ಉತ್ಪಾದಕನ ಭರವಸೆಯಿಂದ ಪ್ರತ್ಯೇಕವಾಗಿ ತನ್ನದೇ ವಾರಂಟಿ ಕೊಟ್ಟ ಮಾರಾಟಗಾರನೂ, ಆ ಮಾತಿನಂತೆ ಸರಕು ನಡೆಯದೆ ಹಾನಿಯಾದರೆ ಹೊಣೆಗಾರನಾಗಬಹುದು. ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು, 2022 ಸಹ ತನ್ನ ಹೆಸರಿನಲ್ಲಿ ಬ್ಯಾಟರಿ ಮಾರುವವನನ್ನು ಉತ್ಪಾದಕನೆಂದೇ ಪರಿಗಣಿಸಿ, ನೋಂದಣಿ ಮತ್ತು ಮರುಸಂಗ್ರಹದ ಹೊಣೆ ಹೊರಿಸುತ್ತವೆ. 2022ರ ಬೇಸಿಗೆಯಲ್ಲಿ ವಿದ್ಯುತ್ ದ್ವಿಚಕ್ರ ವಾಹನಗಳಿಗೆ ಬೆಂಕಿ ಹತ್ತಿದ ಸರಣಿ ಘಟನೆಗಳ ನಂತರ ಎಐಎಸ್-156 ಮಾನದಂಡವನ್ನು ಬಿಗಿಗೊಳಿಸಿ, ಆ ವರ್ಷದ ಡಿಸೆಂಬರ್‌ನಿಂದ ಹಂತ ಹಂತವಾಗಿ ಜಾರಿಗೆ ತರಲಾಯಿತು. ಹೆಸರು ನಮ್ಮದಾದರೆ ಹೊಣೆಯೂ ನಮ್ಮದೇ.

ದೊಡ್ಡ ಕಾರ್ಖಾನೆಯ ನಿರೀಕ್ಷೆಯಲ್ಲಿ

ಲಿಥಿಯಂ ಎಂದರೆ ನಮ್ಮಲ್ಲಿ ಚರ್ಚೆ ಗಣಿಯ ಕಡೆಗೋ ಬೃಹತ್ ಕಾರ್ಖಾನೆಯ ಕಡೆಗೋ ಹೊರಳುತ್ತದೆ. ಮಂಡ್ಯ ಜಿಲ್ಲೆಯ ಮರ್ಲಗಲ್ಲದಲ್ಲಿ 1,600 ಟನ್ ಲಿಥಿಯಂ ನಿಕ್ಷೇಪದ ಪ್ರಾಥಮಿಕ ಅಂದಾಜು ಪ್ರಕಟವಾದಾಗ ಬಹಳ ಉತ್ಸಾಹ ಕಂಡುಬಂದಿತು. ಕೇಂದ್ರ ಸರ್ಕಾರವು 2021ರಲ್ಲಿ ರೂ. 18,100 ಕೋಟಿಯ ಪ್ರೋತ್ಸಾಹಧನ ಯೋಜನೆಯನ್ನು ಪ್ರಕಟಿಸಿ, 2022ರ ಜುಲೈನಲ್ಲಿ ಮೂರು ಸಂಸ್ಥೆಗಳೊಡನೆ ಒಪ್ಪಂದ ಮಾಡಿಕೊಂಡಿತು. ಅವುಗಳಲ್ಲಿ ರಾಜೇಶ್ ಎಕ್ಸ್‌ಪೋರ್ಟ್ಸ್ ಸಂಸ್ಥೆಯ 5 ಗಿಗಾವ್ಯಾಟ್-ಅವರ್ ಯೋಜನೆಯೊಡನೆ ಧಾರವಾಡದ ಹೆಸರು ಕೇಳಿಬಂದಾಗ ನಮ್ಮ ಭಾಗದಲ್ಲಿ ನಿರೀಕ್ಷೆ ಮೂಡಿದ್ದು ಸಹಜ. ನಿಗದಿತ ಅವಧಿಯೊಳಗೆ ಅಲ್ಲಿ ಉತ್ಪಾದನೆ ಆರಂಭವಾಗಲಿಲ್ಲ.

ಸೆಲ್ ತಯಾರಿಕೆ ಬಂಡವಾಳವಿದ್ದ ಮಾತ್ರಕ್ಕೆ ಕೈಗೂಡುವ ಕೆಲಸವಲ್ಲ. ದೇಶದಲ್ಲಿ ಎಲೆಕ್ಟ್ರೋಲೈಟ್ ತಯಾರಿಕೆಗೆ ಮುಂದಾದವರು ಮೊದಲಿನಿಂದಲೂ ಲಿಥಿಯಂ ಅಥವಾ ಫ್ಲೋರಿನ್ ರಸಾಯನದಲ್ಲಿ ಪಳಗಿದ ಕಂಪನಿಗಳು. ನಿಯೋಜೆನ್ ಕೆಮಿಕಲ್ಸ್ 2023ರಲ್ಲಿ ಜಪಾನಿನ ಕಂಪನಿಯೊಂದರಿಂದ ತಂತ್ರಜ್ಞಾನ ಪಡೆಯಿತು. ಗುಜರಾತ್ ಫ್ಲೋರೋಕೆಮಿಕಲ್ಸ್ ಸಮೂಹವು ಲವಣ ತಯಾರಿಕೆಗೆ ಇಳಿಯಿತು. ಇಲ್ಲಿ ಬೆಲೆಯ ಏರಿಳಿತವೂ ಭಯಂಕರ. ಚೀನಾದಲ್ಲಿ ಲಿಥಿಯಂ ಹೆಕ್ಸಾಫ್ಲೋರೋಫಾಸ್ಫೇಟ್‌ನ ಬೆಲೆ 2022ರ ಆರಂಭದಲ್ಲಿ ಟನ್ನಿಗೆ 5 ಲಕ್ಷ ಯುವಾನ್ ಮೀರಿದ್ದುದು, 2023ರ ಅಂತ್ಯದ ಹೊತ್ತಿಗೆ 1 ಲಕ್ಷಕ್ಕಿಂತ ಕೆಳಗಿಳಿಯಿತು. ಇಂಥ ಪೇಟೆಯಲ್ಲಿ ನಮ್ಮಂಥ ಚಿಕ್ಕ ಬಂಡವಾಳದವರು ನಿಲ್ಲುವುದು ಕಷ್ಟ.

ಹಾಗೆಂದು ನಮಗೆ ಪಾಲಿಲ್ಲವೆಂದಲ್ಲ. ಎಲೆಕ್ಟ್ರೋಲೈಟನ್ನು ತೇವ ತಾಗದಂತೆ ಜಡ ಅನಿಲ ತುಂಬಿದ ತುಕ್ಕುರಹಿತ ಉಕ್ಕಿನ ಪೀಪಾಯಿಗಳಲ್ಲಿ ಸಾಗಿಸುತ್ತಾರೆ. ಅದಕ್ಕೆ ಸೋರದ ವಾಲ್ವ್‌ಗಳು, ಜೋಡಣೆಗಳು ಬೇಕು. ವಾಲ್ವ್ ತಯಾರಿಕೆಯಲ್ಲಿ ಹುಬ್ಬಳ್ಳಿಗೆ ಒಳ್ಳೆಯ ಹೆಸರಿದೆ. ಗೋಕುಲ, ತಾರಿಹಾಳ, ರಾಯಾಪುರ, ಬೇಲೂರು ಕೈಗಾರಿಕಾ ಪ್ರದೇಶಗಳ ನಮ್ಮ ಇಂಜಿನಿಯರಿಂಗ್ ಘಟಕಗಳು ಕೈಹಾಕಬಹುದಾದ ಕೆಲಸ ಇಲ್ಲಿದೆ.

ಮಾಡಬೇಕಾದ ಕೆಲಸ

ವರ್ತಕರಿಗೂ ಚಿಕ್ಕ ಉದ್ಯಮಿಗಳಿಗೂ ನನ್ನ ಸಲಹೆಗಳು ಹೀಗಿವೆ.

ಒಂದು, ಸೆಲ್ ಕೊಳ್ಳುವಾಗ 25 ಡಿಗ್ರಿಯ ಜೊತೆಗೆ 45 ಡಿಗ್ರಿಯ ಆವರ್ತ ಪರೀಕ್ಷೆಯ ಫಲಿತಾಂಶವನ್ನೂ ಕೇಳಬೇಕು. ತಯಾರಕನು ತನ್ನ ಎಲೆಕ್ಟ್ರೋಲೈಟ್ ಸೂತ್ರವನ್ನು ಹೇಳಲಾರನು, ಹೇಳಬೇಕಾಗಿಯೂ ಇಲ್ಲ. ಆ ಸೂತ್ರದ ಗುಣವನ್ನು ಈ ಒಂದು ಕಾಗದ ಹೇಳಿಬಿಡುತ್ತದೆ. ಕಾಗದ ಕೊಡಲು ಹಿಂಜರಿಯುವವನಿಂದ ಕೊಳ್ಳದಿರುವುದು ಲೇಸು.

ಎರಡು, ಖರೀದಿ ಆದೇಶದಲ್ಲಿ ತಯಾರಿಕೆಯ ದಿನಾಂಕ ಮತ್ತು ಬ್ಯಾಚ್ ಸಂಖ್ಯೆ ಬರೆಸಬೇಕು. ನಾವು ಗ್ರಾಹಕನಿಗೆ ಕೊಡುವ ವಾರಂಟಿಯ ಅವಧಿಯು ನಮಗೆ ದೊರೆತ ವಾರಂಟಿಯನ್ನು ಮೀರಿದಷ್ಟೂ ಆ ಅಂತರ ನಮ್ಮ ಸ್ವಂತ ಬಂಡವಾಳದ ಮೇಲೆ ಬರೆದ ಹುಂಡಿ ಎಂದು ತಿಳಿಯಬೇಕು.

ಮೂರು, ಮೊದಲು ಬಂದ ಸರಕು ಮೊದಲು ಹೊರಹೋಗಬೇಕು. ದಾಸ್ತಾನನ್ನು ಅರ್ಧದಷ್ಟು ಚಾರ್ಜಿನಲ್ಲಿ, ತಂಪಾದ ಗಾಳಿಯಾಡುವ ಜಾಗದಲ್ಲಿ ಇಡಬೇಕು. ಲಿಥಿಯಂ ಬ್ಯಾಟರಿಗಳಿವೆ ಎಂಬುದನ್ನು ಗೋದಾಮಿನ ಅಗ್ನಿವಿಮೆಯಲ್ಲಿ ಮುಚ್ಚಿಡದೆ ನಮೂದಿಸಬೇಕು.

ನಾಲ್ಕು, ಪ್ರತಿ ಬ್ಯಾಚಿನಿಂದ ಕೆಲವು ಸೆಲ್‌ಗಳನ್ನು ಪರೀಕ್ಷೆಗೆ ಒಳಪಡಿಸಬೇಕು. ಒಬ್ಬೊಬ್ಬರಿಗೆ ಇದು ದುಬಾರಿ. ಆದುದರಿಂದ ನಮ್ಮ ವಾಣಿಜ್ಯೋದ್ಯಮ ಸಂಸ್ಥೆಯು ಮುಂದಾಗಬೇಕು. ಉಷ್ಣತೆ ನಿಯಂತ್ರಿಸುವ ಕೋಣೆ ಮತ್ತು ಸೂಕ್ಷ್ಮವಾಗಿ ಅಳೆಯುವ ಚಾರ್ಜ್-ಡಿಸ್ಚಾರ್ಜ್ ಯಂತ್ರಗಳಿರುವ ಸಾಮಾನ್ಯ ಪರೀಕ್ಷಾ ಕೇಂದ್ರವೊಂದು ಅವಳಿ ನಗರಕ್ಕೆ ಅವಶ್ಯ. ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳ ಕ್ಲಸ್ಟರ್ ಅಭಿವೃದ್ಧಿ ಯೋಜನೆಯಲ್ಲಿ ಸಾಮಾನ್ಯ ಸೌಲಭ್ಯ ಕೇಂದ್ರಗಳಿಗೆ ಕೇಂದ್ರದ ಅನುದಾನವಿದೆ. ಧಾರವಾಡದಲ್ಲಿ ಐಐಟಿ, ಹುಬ್ಬಳ್ಳಿಯಲ್ಲಿ ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯ ಇವೆ. ಲಿಥಿಯಂ ಸೆಲ್ಲುಗಳ ಬಗ್ಗೆ ದೀರ್ಘಕಾಲ ಕೆಲಸ ಮಾಡಿದ ಕೇಂದ್ರೀಯ ವಿದ್ಯುತ್-ರಸಾಯನ ಸಂಶೋಧನಾ ಸಂಸ್ಥೆ ತಮಿಳುನಾಡಿನ ಕಾರೈಕುಡಿಯಲ್ಲಿದೆ. ಕೇಳುವ ಬಾಯಿ ನಮ್ಮದಾಗಬೇಕಷ್ಟೆ.

2025ರ ಸೆಪ್ಟೆಂಬರ್ 22ರಿಂದ ಸೀಸ-ಆಮ್ಲ ಬ್ಯಾಟರಿಗೂ ಲಿಥಿಯಂ ಬ್ಯಾಟರಿಗೂ ಶೇ. 18ರ ಒಂದೇ ಜಿಎಸ್‌ಟಿ ದರ ಬಂದಿದೆ. ತೆರಿಗೆಯ ಅಂತರ ಇಲ್ಲವಾದ ಮೇಲೆ ಪೈಪೋಟಿ ಉಳಿಯುವುದು ಬೆಲೆ ಮತ್ತು ಬಾಳಿಕೆಗಳ ಮೇಲೆ. ಬೆಲೆಯಲ್ಲಿ ದೊಡ್ಡ ಕಂಪನಿಗಳನ್ನು ನಾವು ಸೋಲಿಸಲಾರೆವು. ಸೀಸದ ಬ್ಯಾಟರಿಯ ಕಾಲದಲ್ಲಿ ಗ್ರಾಹಕನು ನಮ್ಮನ್ನು ನಂಬಿದ್ದು ಗ್ರ್ಯಾವಿಟಿ ನೋಡಿ ಇದ್ದುದನ್ನು ಇದ್ದ ಹಾಗೆ ಹೇಳುತ್ತಿದ್ದೆವು ಎಂಬ ಕಾರಣಕ್ಕೆ. ಮುಚ್ಚಿದ ಡಬ್ಬಿಯ ವಿಷಯದಲ್ಲಿಯೂ ಹಾಗೆಯೇ ಹೇಳುವಷ್ಟು ತಿಳಿವಳಿಕೆ ಮತ್ತು ಪರೀಕ್ಷಾ ಸೌಲಭ್ಯವನ್ನು ಸಂಪಾದಿಸಿಕೊಂಡವನೇ ಈ ವ್ಯಾಪಾರದಲ್ಲಿ ಹತ್ತು ವರ್ಷ ನಿಲ್ಲುತ್ತಾನೆ. ಸದಸ್ಯರು ಈ ಪ್ರಸ್ತಾಪವನ್ನು ಮುಂದಿನ ಸಭೆಯಲ್ಲಿ ಚರ್ಚೆಗೆ ಎತ್ತಿಕೊಳ್ಳಬೇಕೆಂದು ವಿನಂತಿ.